ಇಸ್ತ್ರಿ ಕೋಣೆಯ ಮೇಜುಬಟ್ಟೆಗಳ ಕೆಳಗೆ

ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಆಲ್ಮಾ ಗಿಸ್ಲರ್ ಒಗೆಯುವ ಕೋಣೆಯ ಬೀಗದಕೈಯನ್ನು ಲೀಡಿಯಾಳ ಕೈಗೆ ಕೊಡಲಿಲ್ಲ. ಅವಳ ಅಂಚೆಪೆಟ್ಟಿಗೆಯೊಳಗೆ ಹಾಕಿ ಮೆಟ್ಟಿಲು ಹತ್ತಿ ಹೋದಳು. ಬೀಗದಕೈಗೆ ಒಂದು ಚೀಟಿ ಕಟ್ಟಿತ್ತು: "ಜಾಲರಿ ಸ್ವಚ್ಛವಾಗಿದೆ. ಬೇಕಿದ್ದರೆ ನೀವು ಪರೀಕ್ಷಿಸಿಕೊಳ್ಳಬಹುದು. ಎ. ಗಿಸ್ಲರ್."

ನಮ್ಮ ಕಟ್ಟಡದಲ್ಲಿ ಎಂಟು ಮನೆ. ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಒಗೆಯುವ ಯಂತ್ರ, ಒಂದೇ ಬೀಗದಕೈ. ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರ ಸರದಿ. ಒಗೆದು ಮುಗಿಸಿದವಳು ಯಂತ್ರದ ಬಾಯಿ ಒರೆಸಬೇಕು, ನೆಲ ಒಣಗಿಸಬೇಕು, ಬಟ್ಟೆಯ ಜುಂಗು ಸೇರುವ ಜಾಲರಿಯನ್ನು ತೆಗೆದು ತೊಳೆದಿಡಬೇಕು. ಆಮೇಲೆ ಮುಂದಿನವಳ ಬಾಗಿಲು ತಟ್ಟಿ ಬೀಗದಕೈ ಕೊಡಬೇಕು. 'ಒಗೆದು ಮುಗಿಸಿದವಳು' ಎಂದೇ ಬರೆದೆ, ಏಕೆಂದರೆ ಆ ಎಂಟು ಮನೆಗಳಲ್ಲಿ ಏಳು ಗಂಡಸರಿದ್ದರು, ಒಬ್ಬನಿಗೂ ಜಾಲರಿ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಬುಧವಾರ ಆಲ್ಮಾಳದು, ಗುರುವಾರ ಲೀಡಿಯಾಳದು, ಶುಕ್ರವಾರ ನನ್ನದು.

ಜಾಲರಿಯನ್ನು ಯಾರೂ ಪರೀಕ್ಷಿಸುವುದಿಲ್ಲ ಎಂದಲ್ಲ. ಎಲ್ಲರೂ ಪರೀಕ್ಷಿಸುತ್ತಿದ್ದೆವು, ಬಾಗಿಲು ಹಾಕಿಕೊಂಡು. ಆದರೆ 'ಪರೀಕ್ಷಿಸಿಕೊಳ್ಳಿ' ಎಂದು ಬರೆದು ಕೊಡುವುದೆಂದರೆ ನಮ್ಮಲ್ಲಿ ಕಪಾಳಕ್ಕೆ ಹೊಡೆದ ಹಾಗೆ. ಅದರ ಮೇಲೆ 'ನೀವು' ಬೇರೆ. ಆ ಇಬ್ಬರು ಹೆಂಗಸರು ಹನ್ನೊಂದು ವರ್ಷ ಒಬ್ಬರಿಗೊಬ್ಬರು 'ನೀವು' ಎಂದುಕೊಂಡು, ಲೀಡಿಯಾಳ ಐವತ್ತನೆಯ ಹುಟ್ಟುಹಬ್ಬದ ದಿನ ಒಂದೊಂದು ಲೋಟ ದ್ರಾಕ್ಷಾರಸ ಹಿಡಿದು, ತೋಳಿಗೆ ತೋಳು ಸಿಕ್ಕಿಸಿ ಕುಡಿದು 'ನೀನು'ಗೆ ಬಂದವರು. ಅಲ್ಲಿಂದ ಮತ್ತೆ ಹನ್ನೊಂದು ವರ್ಷ ಪ್ರತಿ ಸರದಿಯ ಬುಧವಾರ ಸಂಜೆ ಆರಕ್ಕೆ ಲೀಡಿಯಾಳ ಅಡುಗೆಮನೆಯಲ್ಲಿ ಬೀಗದಕೈ ಮೇಜಿನ ಮೇಲೆ, ಪಕ್ಕದಲ್ಲಿ ಹಾಲು ಹಾಕಿದ ಕಾಫಿ, ಒಣಗಿಸಿದ ಪೇರ್ ಹಣ್ಣು ತುಂಬಿದ ಬ್ರೆಡ್ಡು.

ಇಷ್ಟೆಲ್ಲ ಹಾಳಾದದ್ದು ಒಂದು ಕನಸಿನಿಂದ.

ಆಲ್ಮಾ ಊರಿ ಎಂಬ ಪ್ರಾಂತದ ಬೆಟ್ಟದವಳು. ಹದಿನಾರಕ್ಕೆ ಕೆಳಗಿಳಿದು ಜ್ಯೂರಿಕ್ ಸರೋವರದ ದಂಡೆಯ ಮನೆಗಳಲ್ಲಿ ಕೆಲಸಕ್ಕೆ ನಿಂತಳು. ಮದುವೆಯಾದಳು, ಇಬ್ಬರು ಮಕ್ಕಳನ್ನು ಬೆಳೆಸಿದಳು, ಹಾಸಿಗೆ ಹಿಡಿದ ಗಂಡನನ್ನು ನಾಲ್ಕು ವರ್ಷ ನೋಡಿಕೊಂಡು ಮಣ್ಣು ಮಾಡಿದಳು. ಅಷ್ಟು ಹೊತ್ತಿಗೆ ಅವಳಿಗೆ ಐವತ್ತೆಂಟು. ದೇಶದಲ್ಲಿ ಹೆಂಗಸರಿಗೆ ಮತದ ಹಕ್ಕು ಬಂದು ಮೂರು ವರ್ಷ. ಗಂಡನ ಬಗ್ಗೆಯಾಗಲಿ ಮತದ ಬಗ್ಗೆಯಾಗಲಿ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಮಾತು ಕಡಿಮೆ, ಸಂಶಯ ಜಾಸ್ತಿ. ಬಾಗಿಲು ಹಾಕಿ ಎರಡು ಸಲ ಎಳೆದು ನೋಡುವಳು, ಹಗ್ಗದಿಂದ ಬಟ್ಟೆ ತೆಗೆದಾಗ ಕ್ಲಿಪ್ಪುಗಳನ್ನು ಎಣಿಸುವಳು.

ಹತ್ತೊಂಬತ್ತು ವರ್ಷದಿಂದ ಅವಳು ವಾರಕ್ಕೆ ಮೂರು ದಿನ ಡಾಕ್ಟರ್ ಎಗ್ಲೋಫ್ ಅವರ ಮನೆಗೆಲಸ ಮಾಡುತ್ತಿದ್ದಳು. ಈ ಡಾಕ್ಟರು ಜ್ವರ ನೋಡುವವರಲ್ಲ, ಕನಸು ನೋಡುವವರು. ಸರೋವರ ಕಾಣುವ ಅವರ ಕೋಣೆಗೆ ಎಲ್ಲೆಲ್ಲಿಂದಲೋ ಜನ ಬಂದು, ಬದುಕಿಗೆ ಅರ್ಥವಿಲ್ಲ ಎಂದು ಅತ್ತು, ಕನಸು ಹೇಳಿ ಹೋಗುತ್ತಿದ್ದರು. ಮನಸ್ಸಿನ ಆಳದಲ್ಲಿ ಹಳೆಯ ಪುರಾಣಗಳು ಇನ್ನೂ ಜೀವಂತ ಇವೆ, ಪ್ರತಿಯೊಬ್ಬರೂ ಗೊತ್ತಿಲ್ಲದೆ ಯಾವುದೋ ಒಂದನ್ನು ಬದುಕುತ್ತಿರುತ್ತಾರೆ, ಅದು ಯಾವುದೆಂದು ತಿಳಿದ ದಿನ ಆತ್ಮಕ್ಕೆ ನೆಲೆ ಸಿಗುತ್ತದೆ ಎನ್ನುವುದು ಅವರ ಮಾತು. ಊರಿಗೆ ಊರೇ ಆ ಗಾಳಿಯಲ್ಲಿತ್ತು. ಬೇಕರಿಯಲ್ಲಿ ಸಾಲು ನಿಂತವರೂ ಹವಾಮಾನದ ಹಾಗೆ ಕನಸಿನ ಮಾತಾಡುತ್ತಿದ್ದರು.

ಡಾಕ್ಟರು ಒಮ್ಮೆ ಮೇಜಿನ ಕೆಳಗೆ ಒರೆಸುತ್ತಿದ್ದ ಆಲ್ಮಾಳನ್ನೂ ಕೇಳಿದರಂತೆ. ಅವಳನ್ನು ಅವರು ಕರೆಯುವುದು 'ಫ್ರಾವ್', ಅಂದರೆ ಶ್ರೀಮತಿ, ಎಂದು.

"ಫ್ರಾವ್ ಗಿಸ್ಲರ್, ನೀವು ಯಾವ ಪುರಾಣ ಬದುಕ್ತಾ ಇದ್ದೀರಿ ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ?"

"ಸ್ವಲ್ಪ ಕಾಲೆತ್ತಿ, ಡಾಕ್ಟ್ರೇ."

ಅವರು ಕಾಲೆತ್ತಿದರು, ಪ್ರಶ್ನೆಯನ್ನು ಮರೆತರು. ಅವಳು ಮರೆಯಲಿಲ್ಲ. ನಲವತ್ತೆರಡು ವರ್ಷ ಬೇರೆಯವರ ನೆಲ, ಬೇರೆಯವರ ಅಂಗಿ, ಬೇರೆಯವರ ಉಚ್ಚೆ ಹಾಸಿಗೆ. ಇದರ ಕೆಳಗೆ ಯಾವುದಾದರೂ ಕಥೆ ಇದ್ದಿದ್ದರೆ ಇಷ್ಟು ಹೊತ್ತಿಗೆ ಕಸಬರಿಗೆಗೆ ಸಿಗಬೇಕಿತ್ತಲ್ಲ ಎಂದು ಅವಳು ನನಗೆ ಹೇಳಿದ್ದುಂಟು. ಅದನ್ನು ತಮಾಷೆಯಾಗಿ ಹೇಳಲಿಲ್ಲ.

ಅವಳು ಕನಸುಗಳನ್ನು ಬರೆಯತೊಡಗಿದಳು. ಹೊಸ ಕಾಗದಕ್ಕೆ ಕಾಸು ಹಾಕುವ ಜಾತಿಯಲ್ಲ. ಡಾಕ್ಟರು ಎಸೆದ ಬರಹಗಳನ್ನು ರದ್ದಿಗೆ ದಾರ ಕಟ್ಟಿ ಇಡುವುದು ಅವಳದೇ ಕೆಲಸ. ಅದರಲ್ಲಿ ಒಂದು ಬದಿ ಖಾಲಿ ಇದ್ದ ಹಾಳೆಗಳನ್ನು ಎತ್ತಿಟ್ಟುಕೊಂಡಳು. ಬೆಳಿಗ್ಗೆ ಒಂಬತ್ತರ ತಿಂಡಿಯ ಹೊತ್ತಿಗೆ, ಡಾಕ್ಟರ ಮನೆಯ ಇಸ್ತ್ರಿ ಕೋಣೆಯ ಸ್ಟೂಲಿನ ಮೇಲೆ ಕೂತು, ಒಂದು ಕೈಯಲ್ಲಿ ಬ್ರೆಡ್ಡು ಚೀಸು, ಇನ್ನೊಂದರಲ್ಲಿ ಪೆನ್ಸಿಲು. ಬರೆದದ್ದನ್ನು ಅಲ್ಲೇ ಕೆಳಗಿನ ಖಾನೆಯಲ್ಲಿ, ಕ್ರಿಸ್‌ಮಸ್ಸಿಗೆ ಮಾತ್ರ ಹೊರಬರುವ ಮೇಜುಬಟ್ಟೆಗಳ ಅಡಿಯಲ್ಲಿ ಇಡುತ್ತಿದ್ದಳು. ಅದಕ್ಕಿಂತ ಸುರಕ್ಷಿತ ಜಾಗ ಇರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಆ ಮನೆಯ ಯಾರೊಬ್ಬರೂ ಇಸ್ತ್ರಿ ಕೋಣೆಗೆ ಕಾಲಿಟ್ಟದ್ದನ್ನು ಅವಳು ಕಂಡಿರಲಿಲ್ಲ.

ಆ ಸೆಪ್ಟೆಂಬರಿನಲ್ಲಿ ಬಿದ್ದ ಕನಸು ಹೀಗೆ. ಅವಳು ನಮ್ಮ ನೆಲಮಾಳಿಗೆಯಲ್ಲಿ ಯಂತ್ರದ ಬಾಯಿ ತೆಗೆದು ಒದ್ದೆ ಹಾಸುಗಳನ್ನು ಎಳೆಯುತ್ತಿದ್ದಾಳೆ. ಹಾಸುಗಳ ನಡುವೆ ಚಿಂದಿಬಟ್ಟೆಯ ದೊಡ್ಡ ಗೊಂಬೆಯೊಂದು ಬರುತ್ತದೆ. ಆಲ್ಮಾ ಇದುವರೆಗೆ ಕಟ್ಟಿ ಹರಿದ ಏಪ್ರನ್ನುಗಳನ್ನೇ ಹೊಲಿದು ಮಾಡಿದ ಗೊಂಬೆ. ಅದು ನೀರು ಹಿಂಡಿಕೊಂಡು ಎದ್ದು ನಿಂತು, ಬುಟ್ಟಿಯನ್ನು ಅವಳ ಕೈಯಿಂದ ತೆಗೆದುಕೊಂಡು ಹೇಳುತ್ತದೆ: "ಈಗ ನೀನು ಕೂತ್ಕೊ." ಆಮೇಲೆ ಬಟ್ಟೆ ಒಣಹಾಕಲು ಹೋಗುತ್ತದೆ. ಆಲ್ಮಾ ಕೂರುತ್ತಾಳೆ. ಕೈಗಳನ್ನು ಏನು ಮಾಡಬೇಕೆಂದು ತಿಳಿಯುವುದಿಲ್ಲ. ಅಷ್ಟೇ.

ಬುಧವಾರ ಬೀಗದಕೈ ಕೊಡುವಾಗ ಲೀಡಿಯಾಳಿಗೆ ಹೇಳಿದಳು. ಲೀಡಿಯಾ ಬೇನ್ಸಿಗರ್ ನಮ್ಮೂರ ಬೇಕರಿಯ ಕೌಂಟರಿನಲ್ಲಿ ನಿಲ್ಲುವವಳು, ಬಾಯಿ ಸ್ವಲ್ಪ ಸಡಿಲ.

"ನಮ್ಮ ಬೆಟ್ಟದ ಗೊಂಬೆ ಅದು, ಲೀಡಿಯಾ. ಅಮ್ಮ ಹೇಳ್ತಿದ್ದಳು. ದನ ಕಾಯೋ ಗಂಡಸ್ರು ಬೇಸರಕ್ಕೆ ಚಿಂದಿಲಿ ಹೆಣ್ಣು ಮಾಡಿ, ತಮಾಷೆಗೆ ಗಂಜಿ ತಿನ್ನಿಸಿ, ಬೇಸಿಗೆಯೆಲ್ಲ ಅದನ್ನ ಬಳಸಿಕೊಂಡ್ರಂತೆ. ಬೆಟ್ಟ ಇಳಿಯೋ ದಿನ ಅದು ಬಾಯಿ ಬಿಟ್ಟು, ನಿಮ್ಮಲ್ಲಿ ಒಬ್ಬ ಇಲ್ಲೇ ಇರ್ಬೇಕು ಅಂತು."

"ಇದ್ದನಾ?"

"ಇದ್ದ. ಅವನ ಚರ್ಮನ ಛಾವಣಿ ಮೇಲೆ ಒಣಹಾಕಿತ್ತಂತೆ."

"ಸದ್ಯ, ನಿನ್ನ ಗೊಂಬೆ ಬರೀ ಹಾಸು ಒಣಹಾಕ್ತು." ಲೀಡಿಯಾ ಬ್ರೆಡ್ಡು ಕತ್ತರಿಸಿದಳು. "ನಿನ್ನ ಡಾಕ್ಟ್ರಿಗೆ ಹೇಳಿದ್ರೆ ಏನಂತಾರೋ ಇದಕ್ಕೆ?"

"ಅವರಿಗ್ಯಾಕೆ? ಇದು ನನ್ನದು. ನಿನಗೊಬ್ಬಳಿಗೇ ಹೇಳಿರೋದು."

ಆ ಒಂದು ಕನಸು ಅವಳನ್ನು ಎಷ್ಟು ಬದಲಿಸಿತ್ತೆಂದರೆ, ಡಾಕ್ಟರು ಕೇಳಿದ ಪ್ರಶ್ನೆಗೆ ಕಡೆಗೂ ಅವಳ ಹತ್ತಿರ ಒಂದು ಉತ್ತರ ಇತ್ತು. ಯಾರಿಗೂ ಕೊಡಬೇಕಿಲ್ಲದ ಉತ್ತರ.

ಹನ್ನೆರಡು ದಿನ ಕಳೆದು ಸೋಮವಾರ ಚರ್ಚಿನ ಸಭಾಂಗಣದಲ್ಲಿ 'ಆತ್ಮ ಮತ್ತು ಪುರಾಣ' ಎಂದು ಡಾಕ್ಟರ ಉಪನ್ಯಾಸವಿತ್ತು. ಮುಗಿದ ಮೇಲೆ ಬಂದವರಿಗೆ ಬಿಳಿ ದ್ರಾಕ್ಷಾರಸ, ಉಪ್ಪು ಹಾಕಿದ ಬಿಸ್ಕತ್ತಿನ ಕಡ್ಡಿ ಕೊಡಲು ಆಲ್ಮಾ ಹಿಂದೆ ನಿಂತಿದ್ದಳು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಓದಿದರು: ನಲವತ್ತರ ಒಬ್ಬ ವಿದ್ಯಾವಂತ ಅವಿವಾಹಿತೆಯ ಕನಸು, ನೆಲಮಾಳಿಗೆ, ನೀರು, ಅದರೊಳಗಿಂದ ಬರುವ ಗೊಂಬೆ. ನೀಲಿ ಚೌಕಳಿಯ ಏಪ್ರನ್ನು, ಎದೆಯ ಮೇಲೆ ಇಸ್ತ್ರಿಪೆಟ್ಟಿಗೆ ಸುಟ್ಟ ಗುರುತು. ಗೊಂಬೆ ಕೈ ಚಾಚಿ "ನನ್ನನ್ನು ಎತ್ತಿಕೊ" ಎನ್ನುತ್ತದೆ. ಇದು ಹುಟ್ಟದೆ ಉಳಿದ ಮಗು, ಎಂದರು ಡಾಕ್ಟರು. ತಾಯ್ತನವನ್ನು ನಿರಾಕರಿಸಿದ ಆತ್ಮದ ಅಳು. ಮುಂದಿನ ಸಾಲಿನವರು ತಲೆಯಾಡಿಸಿದರು, ಬರೆದುಕೊಂಡರು.

ಆಲ್ಮಾ ಟ್ರೇ ಕೆಳಗಿಡಲಿಲ್ಲ. ಮೂವತ್ತಾರು ಲೋಟ ಹಂಚಿದಳು, ಮೂವತ್ತಾರನ್ನೂ ತೊಳೆದಿಟ್ಟಳು. ಆದರೆ ತಲೆಯೊಳಗೆ ಲೆಕ್ಕ ಕೂಡಿ ಆಗಿತ್ತು. ಹೇಳಿದ್ದು ಒಬ್ಬಳಿಗೇ. ಅವಳು ನಿಲ್ಲುವುದು ಬೇಕರಿಯಲ್ಲಿ. ಡಾಕ್ಟರ ಹೆಂಡತಿ ಬೆಳಿಗ್ಗೆ ಬ್ರೆಡ್ಡು ಕೊಳ್ಳುವುದು ಅದೇ ಬೇಕರಿಯಲ್ಲಿ. "ಡಾಕ್ಟ್ರು ಏನಂತಾರೋ" ಎಂದು ಕೇಳಿದ್ದೂ ಅವಳೇ. ಕನಸು ಕದ್ದದ್ದಲ್ಲದೆ ಅದರ ಬಾಯಿಗೆ ಬೇರೆ ಮಾತು ತುರುಕಿದ್ದಾರೆ. ಎರಡು ದಿನ ಬಿಟ್ಟು ಬುಧವಾರ. ಬೀಗದಕೈ ಅಂಚೆಪೆಟ್ಟಿಗೆಗೆ ಬಿತ್ತು.

ಗುರುವಾರ ಸಂಜೆ ನನಗೆ ಬೀಗದಕೈ ಕೊಡಲು ಬಂದ ಲೀಡಿಯಾ ಚೀಟಿಯನ್ನೂ ಹಿಡಿದು ಬಂದಿದ್ದಳು. ಅದೇ ಹೊತ್ತಿಗೆ ಆಲ್ಮಾ ಮೆಟ್ಟಿಲು ಇಳಿದು ಬಂದಳು.

"ಏನೇ ಇದು, ಆಲ್ಮಾ?"

"ಓದೋಕೆ ಬರುತ್ತಲ್ಲ ನಿಮಗೆ."

"ನಿಮಗೆ ಅಂತೆ. ಯಾರಾದ್ರೂ ಸತ್ತರಾ?"

"ನಿಮ್ಮ ಗಿರಾಕಿಗಳನ್ನ ಕೇಳಿ. ಬ್ರೆಡ್ಡಿನ ಜೊತೆ ಏನೇನು ಕಟ್ಟಿ ಕೊಡ್ತೀರಿ ಅಂತ ಅವರಿಗೆ ಗೊತ್ತಿರುತ್ತೆ."

ಲೀಡಿಯಾ ನನ್ನ ಮುಖ ನೋಡಿದಳು. ನನಗೂ ತಲೆಬುಡ ತಿಳಿಯಲಿಲ್ಲ. ಮತ್ತೆರಡು ಸರದಿ ಹಾಗೇ ಕಳೆದವು. ಬೀಗದಕೈ ಬೀಳುವ ಸದ್ದು ಮೂರನೆಯ ಮಹಡಿಗೂ ಕೇಳುತ್ತಿತ್ತು. ಲೀಡಿಯಾ ಈ ಬಗ್ಗೆ ಬೇಕರಿಯಲ್ಲಿ ಒಂದು ಮಾತೂ ಆಡಲಿಲ್ಲ. ಅವಳ ಬಾಯಿ ಗೊತ್ತಿದ್ದವರಿಗೆ ಅದೇ ವಿಚಿತ್ರವೆನಿಸಿತು. ಆಲ್ಮಾಳಿಗೆ ಅದೇ ಇನ್ನೊಂದು ಸಾಕ್ಷಿಯಾಯಿತು.

ಒಂದು ಗುರುವಾರ ಡಾಕ್ಟರ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಾಗ ಆಲ್ಮಾಳ ಕೈ ನಿಂತಿತು. ಎದೆಯ ಮೇಲೆ ಸುಟ್ಟ ಗುರುತು. ಆ ನೀಲಿ ಚೌಕಳಿ ಏಪ್ರನ್ನು ಅವಳ ಮೊದಲ ಕೆಲಸದ ಮನೆಯದು. ಯಜಮಾನಿ ಬೈದರೆಂದು ಹದಿನೇಳರ ಆಲ್ಮಾ ಅದನ್ನು ಒಲೆಗೆ ಹಾಕಿದ್ದಳು. ಲೀಡಿಯಾಳಿಗೆ ಅದರ ಮಾತೇ ಎತ್ತಿರಲಿಲ್ಲ. ಬರೀ 'ಹಳೆ ಏಪ್ರನ್ನುಗಳು' ಎಂದಿದ್ದಳು. ಸುಟ್ಟ ಗುರುತು ಇದ್ದದ್ದು ಹಾಳೆಯ ಮೇಲೆ ಮಾತ್ರ.

ಡಾಕ್ಟರ ಅಂಗಿಗೂ ಒಂದು ಗುರುತು ಬಿತ್ತು ಅವತ್ತು.

ಖಾನೆ ಎಳೆದು ನೋಡಿದಳು. ಹಾಳೆಗಳು ಇಟ್ಟಲ್ಲೇ ಇದ್ದವು, ಇಟ್ಟ ಕ್ರಮದಲ್ಲೇ. ಮೇಜುಬಟ್ಟೆಗಳ ಮೇಲೆ ಅಡ್ಡವಾಗಿ ಒಂದು ಬಿಳಿ ದಾರ ಇಟ್ಟು ಮನೆಗೆ ಬಂದಳು. ಶನಿವಾರ ನೋಡಿದರೆ ದಾರ ಹಾಗೇ ಇತ್ತು. ಸೋಮವಾರವೂ ಇತ್ತು. ಮುಂದಿನ ಗುರುವಾರ ಇರಲಿಲ್ಲ. ಬಟ್ಟೆಯ ಮಡಿಕೆ ಮಾತ್ರ ಅವಳು ಮಡಿಸಿದ್ದಕ್ಕಿಂತ ಚೊಕ್ಕವಾಗಿತ್ತು.

ಆಲ್ಮಾ ಮತ್ತೊಂದು ಹಾಳೆಯನ್ನು ತೆಗೆದು, ಬದುಕಿನಲ್ಲಿ ಮೊದಲ ಸಲ ಕಾಣದ ಕನಸು ಬರೆದಳು. ಮೂರು ಕೋಳಿಗಳು, ಕೊರಳಿಗೆ ಡಾಕ್ಟರ ಟೈ ಕಟ್ಟಿಕೊಂಡು, ಸಾಲಾಗಿ ಸರೋವರಕ್ಕೆ ಇಳಿಯುತ್ತವೆ. ನಾಲ್ಕನೆಯದು ದಡದಲ್ಲಿ ಆಲೂಗೆಡ್ಡೆ ಸುಲಿಯುತ್ತಿದೆ. ಓದಿ ನೋಡಿ, "ತುಂಬ ಮಂಜಿತ್ತು" ಎಂದು ಸೇರಿಸಿದಳು. ಡಾಕ್ಟರಿಗೆ ಮಂಜು ಅಂದರೆ ಇಷ್ಟ.

ನವೆಂಬರಿನ ಉಪನ್ಯಾಸಕ್ಕೆ ಆಲ್ಮಾ ನನ್ನನ್ನೂ ಕರೆದಳು. ಯಾಕೆಂದು ಹೇಳಲಿಲ್ಲ. ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಬಹಳ ಪ್ರಾಚೀನವಾದ ಒಂದು ಚಿತ್ರ" ಎಂದು ಕೋಳಿಗಳನ್ನು ತಂದರು. ಮೂರು ಎಂದರೆ ದೈವದ ತ್ರಿತ್ವ, ದಡದಲ್ಲಿ ಉಳಿದ ನಾಲ್ಕನೆಯದು ನಾವು ಒಪ್ಪಿಕೊಳ್ಳದ ಭೂಮಿ, ಆಲೂಗೆಡ್ಡೆಯ ಸಿಪ್ಪೆ ಆತ್ಮ ಕಳಚುವ ಪೊರೆ. ನನ್ನ ಪಕ್ಕದ ಹೆಂಗಸು ಕಣ್ಣೊರೆಸಿಕೊಂಡಳು. ಆಲ್ಮಾ ನಗಲಿಲ್ಲ. ಅವಳು ಡಾಕ್ಟರನ್ನು ನೋಡುತ್ತಲೇ ಇರಲಿಲ್ಲ. ಮೂಲೆಯಲ್ಲಿ ದ್ರಾಕ್ಷಾರಸದ ಸೀಸೆ ತೆರೆಯುತ್ತಿದ್ದ ಅವರ ಹೆಂಡತಿಯನ್ನು ನೋಡುತ್ತಿದ್ದಳು. ಆ ಹೆಂಗಸು ತುಟಿ ಕಚ್ಚಿ ಹಿಡಿದಿದ್ದರು.

ಮಾರನೆಯ ದಿನ ಮಂಗಳವಾರ. ಆಲ್ಮಾಳ ಕೆಲಸದ ದಿನವಲ್ಲ, ಆದರೆ ದಾರ ಮಾಯವಾದದ್ದು ಸೋಮವಾರಕ್ಕೂ ಗುರುವಾರಕ್ಕೂ ನಡುವೆಯೇ. ಹಿಂಬಾಗಿಲಿನ ಬೀಗದಕೈಯಿಂದ ಒಳಗೆ ಹೋಗಿ ನೇರ ಇಸ್ತ್ರಿ ಕೋಣೆಯ ಬಾಗಿಲು ತಳ್ಳಿದಳು. ಡಾಕ್ಟರ ಹೆಂಡತಿ ಅವಳ ಸ್ಟೂಲಿನ ಮೇಲೆ ಕೂತಿದ್ದರು. ಅವರ ಹೆಸರು ಆಡೆಲ್‌ಹೈಡ್. ಆದರೆ ಊರಿನಲ್ಲಿ ಅವರನ್ನು ಕರೆಯುವುದು ಫ್ರಾವ್ ಡಾಕ್ಟರ್ ಎಂದು. ಡಾಕ್ಟರ ಪದವಿ ಗಂಡನದು, ಕರೆಯುವುದು ಹೆಂಡತಿಯನ್ನೂ ಹಾಗೇ. ಕೈಯಲ್ಲಿ ಹಾಳೆ ಇರಲಿಲ್ಲ, ಹೊಲಿಗೆ ಇರಲಿಲ್ಲ. ಸುಮ್ಮನೆ ಕೂತಿದ್ದರು.

"ಕೋಳಿ ಚೆನ್ನಾಗಿದ್ವು," ಅಂದರು.

"ಸುಳ್ಳು ಅಂತ ಗೊತ್ತಿತ್ತಾ ನಿಮಗೆ?"

"ಮೊದಲನೇ ಸಾಲಿಗೇ ಗೊತ್ತಾಯ್ತು. ಅವರಿಗೆ ಗೊತ್ತಾಗುತ್ತಾ ನೋಡೋಣ ಅಂತ ಟೈಪ್ ಮಾಡಿದೆ. ಮೂವತ್ತು ವರ್ಷದಿಂದ ಟೈಪ್ ಮಾಡ್ತಿದ್ದೀನಿ, ಫ್ರಾವ್ ಗಿಸ್ಲರ್, ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ."

"ಗೊಂಬೆ ಸುಳ್ಳಲ್ಲ."

"ಅಲ್ಲ. ಅದೂ ಮೊದಲನೇ ಸಾಲಿಗೇ ಗೊತ್ತಾಯ್ತು."

ಆಲ್ಮಾ ಬಾಗಿಲಲ್ಲೇ ನಿಂತಿದ್ದಳು. "ಯಾಕೆ ತಗೊಂಡ್ರಿ?"

"ಅವರ ಹತ್ರ ಬರೋರೆಲ್ಲ ಅವರ ಪುಸ್ತಕ ಓದ್ಕೊಂಡು ಬರ್ತಾರೆ. ಆ ಪುಸ್ತಕದ ಕನಸೇ ಬೀಳುತ್ತೆ ಆ ಜನಕ್ಕೆ. ಪ್ರತಿ ಉಪನ್ಯಾಸಕ್ಕೆ ಮುಂಚೆ, ಆಡೆಲ್‌ಹೈಡ್, ಏನಾದ್ರೂ ಹುಡುಕಿ ಕೊಡು ಅಂತಾರೆ. ಇಷ್ಟು ವರ್ಷ ನನ್ನವನ್ನ ಕೊಟ್ಟೆ. ಅವರ ಪುಸ್ತಕದಲ್ಲಿ ನಾನೊಂದು ಹದಿಮೂರು ಹೆಂಗಸರಾಗಿದ್ದೀನಿ. ಒಂದು ಸಲ ಹುಚ್ಚಿನೂ ಆಗಿದ್ದೀನಿ." ಅವರು ಕೈಗಳನ್ನು ಮಡಿಲಲ್ಲಿ ಆಚೀಚೆ ಮಾಡಿದರು. "ಈಗ ನನಗೆ ಬೀಳೋದಿಲ್ಲ. ಖಾಲಿಯಾಯ್ತು."

"ಹಾಗಂತ ನನ್ನದಕ್ಕೆ ಕೈ ಹಾಕಿದ್ರಿ."

"ಹಾಕಿದೆ."

"ಮಾತು ಯಾರು ಬದಲಾಯಿಸಿದ್ದು? 'ಕೂತ್ಕೊ' ಅಂತಿತ್ತು."

"ನಾನು ಹಾಗೇ ಟೈಪ್ ಮಾಡಿ ಕೊಟ್ಟೆ. ಅವರು ಹೊಡೆದು ಹಾಕಿದ್ರು. ಆತ್ಮ ಹಾಗೆ ಮಾತಾಡಲ್ಲ, ಇದು ಎಲ್ಲೋ ಕೆಲಸದವಳು ಆಡೋ ಮಾತು ಅಂದ್ರು."

ಇದನ್ನೆಲ್ಲ ಆಲ್ಮಾ ನನಗೆ ಆಮೇಲೆ ಹೇಳಿದಳು. ಫ್ರಾವ್ ಡಾಕ್ಟರ್ ಹೇಳಿದ್ದನ್ನು ಅವಳು ಪೂರ್ತಿ ನಂಬಲಿಲ್ಲ, ನಾನೂ ನಂಬಿಲ್ಲ. ಕದ್ದದ್ದನ್ನು ಮುಚ್ಚಿಡಲು ಗೋಳೂ ಒಂದು ಚೀಲ. ಆದರೆ ಒಂದನ್ನು ನಂಬದೆ ವಿಧಿಯಿರಲಿಲ್ಲ: ಆಲ್ಮಾ ಬಾರದ ಮಂಗಳವಾರಗಳಂದು ಆ ಹೆಂಗಸು ಅಲ್ಲಿಗೆ ಬರುತ್ತಿದ್ದುದು ಹಾಳೆ ಕದಿಯಲು ಅಲ್ಲ. ಆ ಹದಿನಾಲ್ಕು ಕೋಣೆಯ ಮನೆಯಲ್ಲಿ ಗಂಡ ಹುಡುಕಿಕೊಂಡು ಬಾರದ ಕೋಣೆ ಅದೊಂದೇ. ಕೂರಲು ಬರುತ್ತಿದ್ದರು.

ಆಲ್ಮಾ ಮೇಜುಬಟ್ಟೆಗಳನ್ನು ಎತ್ತಿ ತನ್ನ ಹಾಳೆಗಳನ್ನೆಲ್ಲ ತೆಗೆದುಕೊಂಡಳು.

"ಕೆಲಸ ಬಿಡ್ತೀರಾ?" ಎಂದು ಕೇಳಿದರು ಅವರು.

"ಯಾಕೆ ಬಿಡಲಿ? ತಪ್ಪು ನಾನು ಮಾಡಿದ್ನಾ? ಗುರುವಾರ ಬರ್ತೀನಿ. ಸ್ಟೂಲಿನ ಒಂದು ಕಾಲು ಅಲ್ಲಾಡುತ್ತೆ, ನೋಡ್ಕೊಂಡು ಕೂತ್ಕೊಳ್ಳಿ."

ಡಾಕ್ಟರಿಗೆ ಅವಳು ಏನೂ ಹೇಳಲಿಲ್ಲ. ಅವರು ಮುಂದೆ ಗೊಂಬೆಯನ್ನೂ ಕೋಳಿಗಳನ್ನೂ ಸೇರಿಸಿ ದಪ್ಪ ಪುಸ್ತಕ ತಂದರು. ಮೊದಲ ಪುಟದಲ್ಲಿ ತಾಳ್ಮೆಯಿಂದ ಟೈಪ್ ಮಾಡಿದ ಹೆಂಡತಿಗೆ ಕೃತಜ್ಞತೆ ಇತ್ತು. ಅದು ಆಲ್ಮಾಳಿಗೆ ಮುಖ್ಯವಾಗಲಿಲ್ಲ. ಡಾಕ್ಟರು ಕನಸನ್ನು ತೆಗೆದುಕೊಂಡರೂ ಅದರ ಮಾತು ಅವರಿಗೆ ದಕ್ಕಿರಲಿಲ್ಲ. ಅವಳದು ಅವಳಲ್ಲೇ ಇತ್ತು. ಕಳೆದುಹೋದದ್ದು ಬೇರೆ. ಗೊಂಬೆ ಕೂರು ಎಂದಿತ್ತು, ಮತ್ತು ಐವತ್ತೆಂಟು ವರ್ಷದ ಬದುಕಿನಲ್ಲಿ ಅವಳು ಸುಮ್ಮನೆ ಕೂತದ್ದಿದ್ದರೆ ಅದು ಒಂದೇ ಜಾಗದಲ್ಲಿ, ಲೀಡಿಯಾಳ ಅಡುಗೆಮನೆಯಲ್ಲಿ. ಅಲ್ಲಿಂದ ಅವಳನ್ನು ಯಾರೂ ಎಬ್ಬಿಸಿರಲಿಲ್ಲ, ತಾನೇ ಎದ್ದು ಬಂದಿದ್ದಳು.

ಕ್ಷಮೆ ಕೇಳಬೇಕಿತ್ತು. ಬೆಟ್ಟದವರಿಗೆ ಅದು ಬರುವುದಿಲ್ಲ, ಸರೋವರದ ದಂಡೆಯವರಿಗೂ ಅಷ್ಟಕ್ಕಷ್ಟೇ.

ಬುಧವಾರ ಅವಳ ಸರದಿ. ಒಗೆದಳು, ಯಂತ್ರದ ಬಾಯಿ ಒರೆಸಿದಳು, ನೆಲ ಒಣಗಿಸಿದಳು. ಸಂಜೆ ಆರಕ್ಕೆ ಲೀಡಿಯಾಳ ಬಾಗಿಲು ತಟ್ಟಿದ್ದು ನನಗೆ ಕೇಳಿಸಿತು. ನಾನು ಕಸದ ಚೀಲ ಹಿಡಿದು ಮೆಟ್ಟಿಲಿಗೆ ಬಂದೆ. ಚೀಲ ಅರ್ಧ ಖಾಲಿಯಿತ್ತು ಎನ್ನುವುದನ್ನು ಒಪ್ಪಿಕೊಳ್ಳುತ್ತೇನೆ.

"ಬೀಗದಕೈ," ಅಂದಳು ಆಲ್ಮಾ.

"ಅಂಚೆಪೆಟ್ಟಿಗೆ ಕೆಟ್ಟಿದೆಯಾ?"

"ಇಲ್ಲ."

"ಜಾಲರಿ ಸ್ವಚ್ಛ ಇರುತ್ತೆ, ನಾನು ಪರೀಕ್ಷಿಸಿಕೊಳ್ಳಬಹುದು, ಅಲ್ವಾ ಫ್ರಾವ್ ಗಿಸ್ಲರ್?"

"ಪರೀಕ್ಷಿಸ್ಕೊ."

ಲೀಡಿಯಾ ಏಪ್ರನ್ನಿಗೆ ಕೈ ಒರೆಸಿಕೊಂಡು ನೆಲಮಾಳಿಗೆಗೆ ಇಳಿದಳು, ಆಲ್ಮಾ ಹಿಂದೆಯೇ. ನಾನು ನೆಲಮಾಳಿಗೆಯ ಮೆಟ್ಟಿಲಿನ ತುದಿಯವರೆಗೆ ಇಳಿದು ಕಟಕಟೆಯ ಮೇಲೆ ಬಗ್ಗಿ ನೋಡಿದೆ. ಲೀಡಿಯಾ ಜಾಲರಿಯನ್ನು ಎಳೆದು ದೀಪದ ಕೆಳಗೆ ಹಿಡಿದಳು. ಬೂದುಬಣ್ಣದ ಜುಂಗು, ಒಂದು ಬೆರಳು ದಪ್ಪ. ಇಡೀ ದಿನದ ಒಗೆತದ್ದು. ಇಪ್ಪತ್ತೆರಡು ವರ್ಷದಲ್ಲಿ ಆಲ್ಮಾ ಗಿಸ್ಲರ್ ಒಂದು ಎಳೆ ಬಿಟ್ಟು ಹೋದವಳಲ್ಲ.

ಲೀಡಿಯಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮೋಸ ಏನಾದರೂ ಇದೆಯೇ ಎಂದು ಆಲ್ಮಾಳ ಮುಖವನ್ನೂ ನೋಡಿದಳು.

"ಇದು ಸ್ವಚ್ಛ ಇಲ್ಲ."

"ಇಲ್ಲ."

"ಮರೆತೆಯಾ?"

"ಮರೀಲಿಲ್ಲ."

"ಹಾಗಾದ್ರೆ ನಾನು ಚೀಟಿ ಬರೀಬೇಕಾಗುತ್ತೆ. ನೋಟೀಸ್ ಹಲಗೆಗೆ ಚುಚ್ಚಬೇಕಾಗುತ್ತೆ. ಎಂಟು ಮನೆಯವರೂ ಓದ್ತಾರೆ."

"ಬರಿ. ಪೆನ್ಸಿಲ್ ತಂದಿದ್ದೀನಿ."

ಲೀಡಿಯಾ ಗೋಡೆಗೆ ಕಾಗದ ಒತ್ತಿಕೊಂಡು ನಿಧಾನವಾಗಿ ಬರೆದಳು. ಆಮೇಲೆ ಜುಂಗನ್ನು ಬೆರಳಿನಿಂದ ಸುಲಿದು ಡಬ್ಬಿಗೆ ಹಾಕಿ, ಜಾಲರಿಯನ್ನು ತಾನೇ ತೊಳೆಯಲು ನಿಂತಳು. ಆಲ್ಮಾ ಕೈಚಾಚಿದಾಗ ಕೊಡಲಿಲ್ಲ. ಆಲ್ಮಾ ಬೋರಲು ಹಾಕಿದ್ದ ಬಟ್ಟೆಬುಟ್ಟಿಯ ಮೇಲೆ ಕೂತಳು. ಕೈಗಳನ್ನು ಏಪ್ರನ್ನಿನ ಕೆಳಗೆ ಸೇರಿಸಿಕೊಂಡಳು.

"ಈಗ ಹೇಳು," ಅಂದಳು ಲೀಡಿಯಾ ಬೆನ್ನು ಹಾಕಿಯೇ. "ಬೇಕರಿಲಿ ನಾನು ಏನು ಮಾರಿದೆ?"

ನಾನು ಚೀಲ ಎತ್ತಿಕೊಂಡು ಮೇಲೆ ಬಂದೆ. ಶುಕ್ರವಾರ ನನ್ನ ಸರದಿಗೆ ಇಳಿದಾಗ ಹಲಗೆಯ ಮೇಲೆ ಚೀಟಿ ಇತ್ತು: "ಆಲ್ಮಾ, ನೀನು ಜಾಲರಿ ತೊಳೆದಿಲ್ಲ. ಲೀಡಿಯಾ." ಅದನ್ನು ಯಾರೂ ತೆಗೆಯಲಿಲ್ಲ. ನಾನು ಆ ಮನೆ ಬಿಡುವ ತನಕ ಅದು ಅಲ್ಲೇ ಇತ್ತು, ಹಬೆಗೆ ಅಂಚು ಸುರುಟಿಕೊಂಡು.